15 ವರ್ಷ ಧಾರವಾಡದಲ್ಲಿದ್ದವರು ಭಾರತೀಯರಾಗಬಹುದೇ?

ನಮ್ಮ ಮಹಡಿ ಮನೆಯಲ್ಲಿ ಜರ್ಮನಿಯವರೊಬ್ಬರು 15 ವರ್ಷಗಳಿಂದ ಬಾಡಿಗೆಗಿದ್ದಾರೆ. ಸಿತಾರ್ ಕಲಿಯಲು ಬಂದವರು ಇಲ್ಲಿಯೇ ಉಳಿದರು. ಸಂತೆಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ. ಪ್ರತಿ ಬೇಸಿಗೆಯಲ್ಲಿ ಮೂರು ತಿಂಗಳು ವೃದ್ಧ ತಾಯಿಯ ಬಳಿಗೆ ಹೋಗಿ ಬರುತ್ತಾರೆ. ಅವರಿಗೆ ಭಾರತದ ಪೌರತ್ವ ಸಿಗಬಹುದೇ? ಹಿಂದಿ ಪರೀಕ್ಷೆ ಬರೆಯಬೇಕಂತೆ, ನಿಜವೇ?
— ಓದುಗರು, ಧಾರವಾಡ

ಸಂಪಾದಕರ ಉತ್ತರ:

ಹಿಂದಿಯ ಭಯವನ್ನು ಮೊದಲು ಬಿಡಿಸುತ್ತೇನೆ. ಪರದೇಶದವರು ಇಲ್ಲಿ ನೆಲೆಸಿ ಪಡೆಯುವ ಸಹಜೀಕೃತ ಪೌರತ್ವಕ್ಕೆ 1955ರ ಪೌರತ್ವ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಷರತ್ತುಗಳಿವೆ. ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದಾದರೂ ಒಂದು ಭಾಷೆ ಸಾಕಷ್ಟು ತಿಳಿದಿರಬೇಕು ಎಂಬುದು ಅವುಗಳಲ್ಲೊಂದು. ಆ 22 ಭಾಷೆಗಳಲ್ಲಿ ಕನ್ನಡವೂ ಇದೆ. ನಿಮ್ಮ ಬಾಡಿಗೆದಾರರು ಸಂತೆಯಲ್ಲಿ ಕಲಿತ ಭಾಷೆಗೆ ಈ ದೇಶದ ಕಾನೂನಿನಲ್ಲಿ ಇಷ್ಟು ಬೆಲೆಯಿದೆ ಎಂಬುದು ನನಗೆ ನಿಜಕ್ಕೂ ಹೆಮ್ಮೆಯ ಸಂಗತಿ. ದಯವಿಟ್ಟು ಇದನ್ನು ಅವರಿಗೆ ಇಂದೇ ತಿಳಿಸಿ.

ತೊಡಕಿರುವುದು ಆ ಮೂರು ತಿಂಗಳಲ್ಲಿ. ಅರ್ಜಿ ಹಾಕುವ ದಿನಕ್ಕೆ ಹಿಂದಿನ 12 ತಿಂಗಳು ಅವರು ಭಾರತದಲ್ಲಿಯೇ ಇದ್ದಿರಬೇಕು. ಅದಕ್ಕೂ ಹಿಂದಿನ 14 ವರ್ಷಗಳಲ್ಲಿ ಒಟ್ಟು 11 ವರ್ಷ, ಎಂದರೆ 132 ತಿಂಗಳು, ಇಲ್ಲಿ ಕಳೆದಿರಬೇಕು. ವರ್ಷಕ್ಕೆ ಒಂಬತ್ತು ತಿಂಗಳಂತೆ 14 ವರ್ಷಕ್ಕೆ ಆಗುವುದು 126 ತಿಂಗಳು. 15 ವರ್ಷ ಇದ್ದರೂ ಆರು ತಿಂಗಳು ಕಡಿಮೆ! ಕೊನೆಯ ವರ್ಷದ ಷರತ್ತೂ ಪೂರೈಸಿಲ್ಲ. ವಿಶೇಷ ಕಾರಣವಿದ್ದರೆ ಆ ವರ್ಷದಲ್ಲಿ 30 ದಿನಗಳವರೆಗೆ ವಿನಾಯಿತಿ ಕೊಡುವ ಅಧಿಕಾರ 2015ರ ತಿದ್ದುಪಡಿಯಿಂದ ಕೇಂದ್ರ ಸರ್ಕಾರಕ್ಕೆ ಬಂದಿದೆ. ಆದರೆ ಅದನ್ನೇ ನೆಚ್ಚಿಕೊಂಡು ಕೂರಬಾರದು.

ತಾಯಿಯನ್ನು ನೋಡಲು ಹೋಗಬೇಡಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದ್ದರಿಂದ ಕುಳಿತು ಲೆಕ್ಕ ಹಾಕಿದೆ. ಇನ್ನು ಮೂರು ವರ್ಷ ಮೂರು ತಿಂಗಳ ಬದಲು ಒಂದೇ ತಿಂಗಳು ಹೋಗಿ ಬರಲಿ. ನಾಲ್ಕನೆಯ ವರ್ಷ ಎಲ್ಲಿಯೂ ಹೋಗದೆ ಇಲ್ಲಿಯೇ ಇರಲಿ. ಆಗ 14 ವರ್ಷಗಳ ಲೆಕ್ಕದಲ್ಲಿ ಒಂಬತ್ತು ತಿಂಗಳ 11 ವರ್ಷ, ಹನ್ನೊಂದು ತಿಂಗಳ 3 ವರ್ಷ ಸೇರಿ 132ಕ್ಕೆ ಸರಿಯಾಗುತ್ತದೆ. ಅಂಚಿನ ಲೆಕ್ಕವಾದ್ದರಿಂದ ಇನ್ನೊಂದಷ್ಟು ದಿನ ಹೆಚ್ಚೇ ಇದ್ದು ಅರ್ಜಿ ಹಾಕುವುದು ಕ್ಷೇಮ.

ವಿಜ್ಞಾನ, ಕಲೆ, ಸಾಹಿತ್ಯದಂಥ ಕ್ಷೇತ್ರಗಳಲ್ಲಿ ವಿಶಿಷ್ಟ ಸೇವೆ ಸಲ್ಲಿಸಿದವರಿಗೆ ಈ ಷರತ್ತುಗಳನ್ನೇ ಸಡಿಲಿಸಲು ಸರ್ಕಾರಕ್ಕೆ ಅವಕಾಶವಿದೆ. ಅದು ಅಪರೂಪದವರ ದಾರಿ. ಭಾರತೀಯರನ್ನು ಮದುವೆಯಾದವರಿಗೆ ಏಳು ವರ್ಷದ ವಾಸದ ಮೇಲೆ ನೋಂದಣಿಯ ದಾರಿ ಬೇರೆಯೇ ಇದೆ.

ಇನ್ನೊಂದು ಮಾತನ್ನು ಅವರು ನಿಧಾನವಾಗಿ ಯೋಚಿಸಬೇಕು. 2024ರ ಜೂನ್‌ನಿಂದ ಜರ್ಮನಿ ಎರಡು ಪೌರತ್ವಗಳನ್ನು ಒಪ್ಪುತ್ತಿದೆ, ಭಾರತ ಒಪ್ಪುವುದಿಲ್ಲ. ಇಲ್ಲಿನ ಅರ್ಜಿ ಮಂಜೂರಾದರೆ ಹುಟ್ಟಿದ ದೇಶದ ಪೌರತ್ವವನ್ನು ತ್ಯಜಿಸುತ್ತೇನೆ ಎಂದು ಮೊದಲೇ ಮಾತು ಕೊಡಬೇಕು. ಆಮೇಲೆ ತಾಯಿಯ ಮನೆಗೆ ಹೋಗುವುದಕ್ಕೂ ವೀಸಾ ಬೇಕಾಗುತ್ತದೆ. ಇಷ್ಟೆಲ್ಲ ಆದ ಮೇಲೂ ಪೌರತ್ವ ಕೊಡುವುದು ಸರ್ಕಾರದ ವಿವೇಚನೆಗೆ ಬಿಟ್ಟದ್ದು. ಅರ್ಹತೆಯಿದೆ ಎಂದು ಹಕ್ಕಿನಿಂದ ಕೇಳುವಂತಿಲ್ಲ. ಸಿಕ್ಕರೆ, ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಸ್ವೀಕರಿಸಬೇಕು.

ಈಗ ಮಾಡಬೇಕಾದ ಕೆಲಸ ಒಂದಿದೆ. ಅವಧಿ ಮುಗಿದ ಪಾಸ್‌ಪೋರ್ಟ್‌ಗಳನ್ನು ಅವರು ಟ್ರಂಕಿನ ತಳದಲ್ಲೆಲ್ಲೋ ಇಟ್ಟಿರಬಹುದು. ಹೊರಗೆ ತೆಗೆಸಿ. ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿ, ಪ್ರತಿ ಮುದ್ರೆ ನೋಡಿ ಹೋದ ದಿನ, ಬಂದ ದಿನ ಬರೆಯುತ್ತಾ ಹೋಗಲಿ. ವೀಸಾ ಅವಧಿ ಮೀರಿ ಒಂದು ದಿನವಾದರೂ ಉಳಿದದ್ದುಂಟೇ ಎಂಬುದನ್ನೂ ಗುರುತು ಹಾಕಿಕೊಳ್ಳಲಿ, ಏಕೆಂದರೆ ಹಾಗೆ ಉಳಿದವರನ್ನು ಕಾಯ್ದೆ ಅಕ್ರಮ ವಲಸಿಗರೆಂದೇ ಕರೆಯುತ್ತದೆ. ಆ ನೋಟ್‌ಬುಕ್ ಹಿಡಿದುಕೊಂಡೇ ಅವರು ವಕೀಲರ ಬಳಿ ಹೋಗಲಿ.