ಜೆಸಿಬಿ ಕರೆಸುವ ಮುಂಚೆ ಒಂದು ರಾತ್ರಿ ಟಾರ್ಚ್ ಹಿಡಿದು ಹೋಗಿ

ಲೇಔಟ್ ಮಾಡುವವರು, ಸೈಟು ಕೊಂಡವರು ಕಳಿಸುವ ಪ್ರಶ್ನೆಗಳು ತಿರುಗಾ ಮುರುಗಾ ಅವೇ. ಈ ಸಲ ಒಂದಕ್ಕೆ ಪೂರ್ತಿ ಉತ್ತರ ಬರೆದಿದ್ದೇನೆ, ಉಳಿದವಕ್ಕೆ ಅಷ್ಟು ತಾಳ್ಮೆ ಇಲ್ಲ. ಭೂಪರಿವರ್ತನೆ, ಪ್ಲ್ಯಾನ್ ಮಂಜೂರಾತಿ ನನ್ನನ್ನ ಕೇಳಬೇಡಿ.

ತುಮಕೂರು ಹತ್ತಿರ ಅಣ್ಣತಮ್ಮಂದಿರು ಸೇರಿ 14 ಎಕರೆ ಲೇಔಟ್ ಮಾಡ್ತಿದ್ದೀವಿ. ಕಾಡೇನಲ್ಲ, ಪಾಳು ಬಿದ್ದ ಹೊಲ. ಬೇಲಿ ತುಂಬಾ ಪೊದೆ, ಒಂದಷ್ಟು ಹುಣಸೆ, ಹೊಂಗೆ. ಪ್ರಾಣಿ ಪಕ್ಷಿ ಏನೂ ಇಲ್ಲ. ಆದ್ರೂ ಪರಿಸರಕ್ಕೆ ಅಂತ ಪಾರ್ಕ್ ಬಿಡ್ತೀವಿ. ಯಾವ ಗಿಡ ನೆಡೋಣ ಸರ್?

ಸದ್ಯಕ್ಕೆ ಏನೂ ನೆಡಬೇಡಿ. ಇರುವುದನ್ನ ಮೊದಲು ನೋಡಿ. "ಪ್ರಾಣಿ ಏನೂ ಇಲ್ಲ" ಅನ್ನುವವರೆಲ್ಲ ಹಗಲು ಹನ್ನೊಂದಕ್ಕೆ ಕಾರಲ್ಲಿ ಹೋಗಿ, ರಸ್ತೆ ಪಕ್ಕ ನಿಂತು ನೋಡಿ ಬಂದಿರುತ್ತಾರೆ. ರಾತ್ರಿ ಎಂಟರ ಮೇಲೆ ಹೋಗಿ. ಟಾರ್ಚ್ ಬಾಯಿಗೆ ಕೆಂಪು ಬಣ್ಣದ ತೆಳು ಹಾಳೆ ಕಟ್ಟಿ, ಆ ಹುಣಸೆ, ಹೊಂಗೆ ಕೊಂಬೆಗಳ ಮೇಲೆ ನಿಧಾನಕ್ಕೆ ಬೆಳಕು ಆಡಿಸಿ. ಕೆಂಡದಂಥ ಎರಡು ಕಣ್ಣು ಹೊಳೆದು, ಓಡದೆ ನಿಮ್ಮನ್ನೇ ನೋಡುತ್ತಿದ್ದರೆ ಅದು ಕಾಡುಪಾಪ (ಸ್ಲೆಂಡರ್ ಲೋರಿಸ್), ರಾತ್ರಿ ಮರದ ಮೇಲೆ ಓಡಾಡುವ ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ. ತುಮಕೂರು ಕಡೆ ಹೊಲದ ಬೇಲಿಗಳಲ್ಲಿ ಇವು ಇವೆ. ಬೆಂಗಳೂರಿನ ಒಳಗೇ ಐಐಎಸ್‌ಸಿ, ಜಿಕೆವಿಕೆಯಂಥ ಕ್ಯಾಂಪಸ್‌ಗಳಲ್ಲಿ ಉಳಿದುಕೊಂಡಿವೆ. ತೂಕ ಕಾಲು ಕಿಲೋ ಆಸುಪಾಸು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಇರುವ ಮೊದಲನೇ ಷೆಡ್ಯೂಲ್‌ನಲ್ಲೇ ಇದೂ ಇದೆ. ಇದರ ಕಣ್ಣಿಂದ ಮದ್ದು, ವಶೀಕರಣ ಅಂತ ಹೇಳಿಕೊಂಡು ಯಾರಾದರೂ ಹಿಡಿಯಲು ಬಂದರೆ ಸೀದಾ ಅರಣ್ಯ ಇಲಾಖೆಗೆ ಫೋನ್ ಮಾಡಿ. ಅಂಥವರ ಜೊತೆ ಮಾತುಕತೆ ಬೇಡ.

ಕಾಡುಪಾಪದ ಮಾತು ಯಾಕೆ ಬಂತು ಅಂದರೆ, ಅದು ಕೋತಿ ಹಾಗೆ ಹಾರಲ್ಲ. ಒಂದು ಕೊಂಬೆ ಬಿಡುವ ಮುಂಚೆ ಇನ್ನೊಂದು ಕೈಗೆ ಸಿಗಬೇಕು. ನಡುವೆ ಮೂವತ್ತು ಅಡಿ ರಸ್ತೆ ಬಂದರೆ ನೆಲಕ್ಕಿಳಿದು ತಡವರಿಸುತ್ತಾ ದಾಟಬೇಕು. ಆಗ ನಾಯಿಗೋ ಬೈಕಿಗೋ ಸಿಗುತ್ತೆ. ಇಲ್ಲಾ ಕರೆಂಟ್ ತಂತಿ ಹಿಡಿಯುತ್ತೆ. "ನಾವು 40 ಮರ ಉಳಿಸಿದ್ದೀವಿ" ಅಂತ ಬ್ರೋಷರ್‌ನಲ್ಲಿ ಹಾಕಿಕೊಂಡರೆ ನನಗೆ ಕೇಳಬೇಕಾದ್ದು ಒಂದೇ: ಆ ಮರಗಳ ಕೊಂಬೆ ಒಂದಕ್ಕೊಂದು ತಾಗುತ್ತಾ?

ಆದ್ದರಿಂದ ನಕ್ಷೆ ಬರೆಸುವ ಕ್ರಮವನ್ನೇ ಬದಲಾಯಿಸಿ. ಈಗ ಮೂವತ್ತು ನಲವತ್ತರ ಸೈಟು ಎಷ್ಟು ಕೂರುತ್ತೆ ಅಂತ ಮೊದಲು ಲೆಕ್ಕ ಹಾಕುತ್ತೀರಿ. ಯಾವುದಕ್ಕೂ ಬಾರದ ಮೂಲೆ ತುಂಡಿಗೆ ಪಾರ್ಕ್ ಅಂತ ಹೆಸರು. ಅದರ ಬದಲು ಹಳೇ ಬೇಲಿ ಸಾಲು, ಬದು, ಮಳೆನೀರು ಹರಿಯುವ ಹಳ್ಳ ಇವನ್ನ ಸರ್ವೆ ನಕ್ಷೆ ಮೇಲೆ ಮೊದಲು ಗುರುತು ಮಾಡಿಸಿ. ನಿಯಮದ ಪ್ರಕಾರ ಪಾರ್ಕ್‌ಗೆ ಬಿಡಲೇಬೇಕಾದ ಜಾಗವನ್ನ ಆ ಸಾಲಿನ ಉದ್ದಕ್ಕೆ ಪಟ್ಟಿಯಾಗಿ ಹಾಕಿಸಿ. ಅದು ಪಕ್ಕದ ತೋಟಕ್ಕೋ ಕೆರೆಗೋ ಹೋಗಿ ಸೇರಬೇಕು. ರಸ್ತೆ ಅದನ್ನ ದಾಟಲೇಬೇಕಾದರೆ ಎರಡೂ ಬದಿ ದೊಡ್ಡ ಮರ ಇರುವ ಕಡೆ ದಾಟಲಿ, ಮೇಲೆ ಕೊಂಬೆ ಕೂಡಿಕೊಳ್ಳುತ್ತೆ. ಎರಡು ಮೂರು ಸೈಟು ಕಡಿಮೆ ಆಗಬಹುದು. ಆಗಲಿ ಬಿಡಿ.

ಆ ಪಟ್ಟಿಯಲ್ಲಿ ಲಾನ್, ಪೇವರ್, ಜಿಮ್ ಸಾಮಾನು ಯಾವುದೂ ಬೇಡ. ತಂಗಡಿ, ಬಂದರಿಕೆ, ಕಾರೆ ಪೊದೆ ಇದ್ದ ಹಾಗೇ ಇರಲಿ. ಯಾರ ಮೇಲೂ ಬೀಳುವ ಭಯ ಇಲ್ಲದಿದ್ದರೆ ಒಣಮರವನ್ನೂ ಬಿಡಿ, ಪೊಟರೆಯಲ್ಲಿ ಹಾಲಕ್ಕಿ, ಗಿಳಿ ಗೂಡು ಮಾಡುತ್ತವೆ. ಬೀದಿ ದೀಪದ ಬೆಳಕು ಹಳದಿ ಇರಲಿ, ರಸ್ತೆಗೆ ಮಾತ್ರ ಬೀಳಲಿ. ಕಾಂಪೌಂಡ್ ಬುಡದಲ್ಲಿ ಅಲ್ಲಲ್ಲಿ ಒಂದಡಿ ಕಿಂಡಿ ಬಿಟ್ಟರೆ ಮುಂಗುಸಿ, ಉಡ, ಮೊಲ ಓಡಾಡಿಕೊಂಡಿರುತ್ತವೆ.

ಇನ್ನು ಜೆಸಿಬಿ. ನಾಲ್ಕೂ ಕಡೆಯಿಂದ ನುಗ್ಗಿಸಬೇಡಿ, ಇದ್ದಬದ್ದ ಜೀವವೆಲ್ಲ ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತೆ. ಒಂದು ತುದಿಯಿಂದ ಶುರು ಮಾಡಿ, ಉಳಿಸಿದ ಪಟ್ಟಿಯ ಕಡೆಗೆ ಬನ್ನಿ. ಬೆಂಕಿ ಹಾಕಿ ಕ್ಲೀನ್ ಮಾಡುವ ಯೋಚನೆ ಬಿಡಿ. ಬೇಸಿಗೆಯಲ್ಲಿ ಟಿಟ್ಟಿಭ ಬರೀ ನೆಲದ ಮೇಲೇ ಮೊಟ್ಟೆ ಇಡುತ್ತೆ, ಬೆಣಚುಕಲ್ಲಿನ ನಡುವೆ ಕಲ್ಲಿನ ಹಾಗೇ ಕಾಣುವ ನಾಲ್ಕು ಮೊಟ್ಟೆ. ಡ್ರೈವರ್ ಕಣ್ಣಿಗೆ ಬೀಳುವ ಮಾತೇ ಇಲ್ಲ. ಹಕ್ಕಿ ಕಿರುಚುತ್ತಾ ತಲೆ ಮೇಲೆ ಸುತ್ತಿದರೆ ಗಾಡಿ ನಿಲ್ಲಿಸಿ ಹುಡುಕಿ. ಮಳೆಗಾಲ ಮುಗಿದ ಮೇಲೆ ಕೆಲಸ ಇಟ್ಟುಕೊಂಡರೆ ಇನ್ನೂ ಒಳ್ಳೇದು.

ನೈರುತ್ಯದಲ್ಲಿ ಹಳೇ ಕುಂಟೆ ಇದೆ. ವಾಸ್ತು ಪ್ರಕಾರ ಮುಚ್ಚಿ ಈಶಾನ್ಯದಲ್ಲಿ ತೋಡಬೇಕಂತೆ.

ನೀರು ಇಳಿಜಾರು ನೋಡಿ ಬಂದು ಅಲ್ಲಿ ನಿಂತಿದೆ. ಮುಚ್ಚಿದರೆ ಆ ಮೂಲೆಯ ಮನೆಗಳಿಗೆ ನುಗ್ಗುತ್ತೆ, ಆಗ ವಾಸ್ತುವಿನವರು ಫೋನ್ ಎತ್ತಲ್ಲ.

ಒಂದು ಮರ ಕಡಿದರೆ 10 ಸಸಿ ನೆಡ್ತೀವಿ. ಸಾಕಲ್ವಾ?

ಸಾಲದು. ಸಸಿಯಲ್ಲಿ ಪೊಟರೆ ಇರಲ್ಲ.

ಕೆರೆಯಿಂದ 75 ಮೀಟರ್ ಬಿಡಬೇಕು ಅನ್ನೋ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ನಿಯಮ ರದ್ದಾಯ್ತಲ್ಲ, ಕೆರೆ ಅಂಚಿಗೇ ಕಟ್ಟಬಹುದಾ?

ಬೆಂಗಳೂರಿನ ಕೆರೆಗಳಿಗೆ ಅದು 2016ರಲ್ಲಿ ಹೇಳಿದ ಅಂತರವನ್ನ 2019ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು ನಿಜ. ಅಂಚಿಗೇ ಕಟ್ಟಿ ಅಂತ ಕೋರ್ಟ್ ಎಲ್ಲೂ ಹೇಳಿಲ್ಲ.

ಹೊಸ ಲೇಔಟ್‌ನಲ್ಲಿ ಹಾವು ಜಾಸ್ತಿ. ಹಾವು ಓಡಿಸೋ ಪೌಡರ್ ಯಾವುದು ಒಳ್ಳೇದು?

ಯಾವುದೂ ಅಲ್ಲ. ಪೌಡರ್, ಫಿನೈಲ್, ಬೆಳ್ಳುಳ್ಳಿ ನೀರು ಎಲ್ಲ ಸುಮ್ನೆ ದುಡ್ಡು ದಂಡ. ಇಟ್ಟಿಗೆ ರಾಶಿ ತೆಗೆಸಿ, ಇಲಿ ಕಡಿಮೆ ಮಾಡಿ, ಕತ್ತಲಲ್ಲಿ ಟಾರ್ಚ್ ಇಲ್ಲದೆ ನಡೆಯಬೇಡಿ.

ಬನ್ನೇರುಘಟ್ಟ ಪಕ್ಕದ ನಮ್ಮ ಲೇಔಟ್‌ಗೆ ಚಿರತೆ ಬಂದಿತ್ತು. ಹಿಡಿದು ದೂರದ ಕಾಡಿಗೆ ಬಿಡಬಾರದಾ?

ಮಹಾರಾಷ್ಟ್ರದ ಜುನ್ನರ್‌ನಲ್ಲಿ ಇದನ್ನೇ ಮಾಡಿದರು. ಚಿರತೆಗಳನ್ನ ಹಿಡಿದು ಬೇರೆಡೆ ಬಿಟ್ಟ ಮೇಲೆ ಮನುಷ್ಯರ ಮೇಲಿನ ದಾಳಿ ವರ್ಷಕ್ಕೆ ಸರಾಸರಿ 4 ಇದ್ದದ್ದು 17ಕ್ಕೆ ಏರಿತು. ನಿಮ್ಮ ಖಾಲಿ ಸೈಟುಗಳಲ್ಲಿ ಕೋಳಿ ಅಂಗಡಿ ತ್ಯಾಜ್ಯ ಸುರಿಯುವುದನ್ನ ನಿಲ್ಲಿಸಿ. ತ್ಯಾಜ್ಯಕ್ಕೆ ಬೀದಿನಾಯಿ ಬರುತ್ತೆ, ನಾಯಿಗೆ ಚಿರತೆ ಬರುತ್ತೆ.