ಬೇಟೆಗೂ ಬೆಟ್ಟಕ್ಕೂ ಒಂದೇ ಬ್ಯಾಗ್ ಸಾಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ಬೆಂಗಳೂರಿನವರು, ತಿಂಗಳಿಗೆ ಒಂದೆರಡು ಭಾನುವಾರ ಸುತ್ತಮುತ್ತಲ ಬೆಟ್ಟ ಹತ್ತುತ್ತೀರಿ. ಅಮೆರಿಕದ ಮೊಂಟಾನಾದಲ್ಲಿರುವ ನಿಮ್ಮ ಭಾವ ತಮ್ಮ ಹಳೇ ಬೇಟೆ ಬ್ಯಾಗನ್ನು ನಿಮಗೇ ಕೊಡುತ್ತೇನೆ ಅಂತಿದ್ದಾರೆ. ಬರುವ ನವೆಂಬರ್‌ನಲ್ಲಿ ಅಲ್ಲಿಗೆ ಹೋದಾಗ ಅವರ ಜೊತೆ ಬೇಟೆಗೂ ಹೋಗುವವರಿದ್ದೀರಿ. ಒಂದೇ ಬ್ಯಾಗ್ ಎರಡಕ್ಕೂ ಆಗುತ್ತಾ, ಇಲ್ಲ ಇಲ್ಲಿಗೆ ಹೊಸದು ಕೊಳ್ಳಬೇಕಾ, ಕೊಂಡರೆ ಯಾವ ಬ್ರ್ಯಾಂಡ್?

ಆಗುವುದಿಲ್ಲ. ಭಾವನ ಬ್ಯಾಗ್ ಭಾವನ ಮನೆಯಲ್ಲೇ ಇರಲಿ. ಅಲ್ಲಿ ಹೋದಾಗ ಅದನ್ನೇ ಹೊತ್ತುಕೊಳ್ಳಿ, ಇಲ್ಲಿಗೆ ಬೇರೆ ಕೊಳ್ಳಿ. ಎರಡೂ ತರದ ಬ್ಯಾಗ್ ಹೊತ್ತು ಬೆನ್ನು ನೋಯಿಸಿಕೊಂಡವನು ನಾನು, ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಕೆಲಸದ ಮೇಲೆ ಒಂದೂವರೆ ವರ್ಷ ನಾನೂ ಮೊಂಟಾನಾದ ಬೋಜ್‌ಮನ್‌ನಲ್ಲಿದ್ದೆ. ಒಂದು ಶನಿವಾರ ಆಫೀಸಿನ ಗೆಳೆಯ ಎಲ್ಕ್ ಬೇಟೆಗೆ ಕರೆದ. ಎಲ್ಕ್ ಅಂದರೆ ನಮ್ಮ ಕಡವೆಗಿಂತ ದೊಡ್ಡ ಪ್ರಾಣಿ. ನಾನು ಸೊಪ್ಪುಸಾರಿನ ಮನೆಯವನು, ಕೋವಿ ಮುಟ್ಟುವುದಿಲ್ಲ, ಸುಮ್ನೆ ಜೊತೆಗೆ ಬರ್ತೀನಿ ಅಂದೆ. ಅವನು ನಕ್ಕು ಒಂದು ಬ್ಯಾಗ್ ಕೊಟ್ಟ. ಖಾಲಿ ಬ್ಯಾಗೇ ಮೂರು ಕೆಜಿ ಹತ್ತಿರ. ಇಷ್ಟು ಭಾರದ ಬ್ಯಾಗಲ್ಲಿ ಬರೀ ನೀರು, ರೊಟ್ಟಿ, ಜಾಕೆಟ್ಟಾ ಅಂತ ಮನಸ್ಸಿನಲ್ಲೇ ಬೈದುಕೊಂಡು ಹತ್ತಿದೆ.

ಸಂಜೆ ಗೊತ್ತಾಯಿತು. ಆ ಬ್ಯಾಗ್‌ನಲ್ಲಿ ಚೀಲವೇ ಬೇರೆ, ಬೆನ್ನಿಗೆ ಅಂಟಿದ ಚೌಕಟ್ಟೇ ಬೇರೆ. ಎರಡರ ನಡುವೆ ಬಕಲ್ ಸಡಿಲಿಸಿದರೆ ಒಂದು ಸಂದು ತೆರೆದುಕೊಳ್ಳುತ್ತದೆ. ಮಾಂಸವನ್ನು ಗಾಳಿಯಾಡುವ ಬಟ್ಟೆಚೀಲದಲ್ಲಿ ಕಟ್ಟಿ ಆ ಸಂದಿನಲ್ಲಿ, ಅಂದರೆ ಬೆನ್ನಿಗೆ ತೀರಾ ಹತ್ತಿರ, ಇಟ್ಟು ಬಿಗಿಯುತ್ತಾರೆ. ದೊಡ್ಡ ಎಲ್ಕ್‌ನ ಒಂದು ಹಿಂದೊಡೆ ಮೂಳೆ ಸಮೇತ 25 ಕೆಜಿ ಆಸುಪಾಸು ಬರುತ್ತದೆ. ಹೊತ್ತು ಎದ್ದಾಗ ಭಾರವೆಲ್ಲ ಹೆಗಲಿಗೆ ಕೂತು ನಾನು ಹಿಂದಕ್ಕೆ ವಾಲಿದೆ. ಗೆಳೆಯ ನನ್ನ ಎದುರು ನಿಂತು, ಮೊದಲು ಸೊಂಟದ ಪಟ್ಟಿಯನ್ನು ಸೊಂಟದೆಲುಬಿನ ಮೇಲೆ ಕೂರಿಸಿ ಜಗ್ಗಿ ಕಟ್ಟಿದ. ಆಮೇಲೆ ಹೆಗಲ ಮೇಲಿಂದ ಬ್ಯಾಗಿನ ತಲೆಗೆ ಹೋಗುವ ಸಣ್ಣ ಪಟ್ಟಿ ಇರುತ್ತದಲ್ಲ, ಅದನ್ನು ಎರಡೂ ಕಡೆ ಮುಂದಕ್ಕೆ ಎಳೆದ. ಅಷ್ಟೇ. ಹೆಗಲಿನಲ್ಲಿದ್ದ ಭಾರ ಇಳಿದು ಸೊಂಟಕ್ಕೆ ಬಂತು. ಹೆಗಲಪಟ್ಟಿಯ ಕೆಳಗೆ ಬೆರಳು ತೂರಿಸುವಷ್ಟು ಜಾಗ ಆಯಿತು. ಹಿಮದಲ್ಲಿ ಮೂರು ಗಂಟೆ ಇಳಿದೆ, ಬೆನ್ನು ಉಳಿಯಿತು. ಕಾಲಿನ ಕಥೆ ಕೇಳಬೇಡಿ.

ಬೇಟೆ ಬ್ಯಾಗನ್ನು ಮಾಡುವುದೇ ವಾಪಸ್ ಬರುವ ದಾರಿಗಾಗಿ. ಹೋಗುವಾಗ ಹಗುರ, ಬರುವಾಗ ಮೂಟೆ. ನಮ್ಮ ಭಾನುವಾರದ ಬೆಟ್ಟ ಅದರ ತಿರುಗಾಮುರುಗಾ. ಹತ್ತುವಾಗ ಮೂರು ಲೀಟರ್ ನೀರು, ಚಿತ್ರಾನ್ನ, ಸೌತೆಕಾಯಿ, ಎಲ್ಲಾ ಸೇರಿ ಐದಾರು ಕೆಜಿ. ಇಳಿಯುವಾಗ ಖಾಲಿ ಡಬ್ಬಿ, ಒದ್ದೆ ಟೀಶರ್ಟು. ಮೂರು ಕೆಜಿ ಚೌಕಟ್ಟು ಹೊತ್ತು ಶಿವಗಂಗೆಯ ಮೆಟ್ಟಿಲು ಹತ್ತುವುದು ಸೊಪ್ಪು ತರಲು ಲಾರಿ ತೆಗೆದುಕೊಂಡು ಹೋದ ಹಾಗೆ.

ತೂಕ ಒಂದೇ ಅಲ್ಲ, ಬಟ್ಟೆಯದೂ ತಕರಾರಿದೆ. ಬೇಟೆಯಲ್ಲಿ ಸದ್ದು ಆಗಬಾರದು. ಮಾಮೂಲಿ ನೈಲಾನ್ ಕೊಂಬೆಗೆ ತಗುಲಿದರೆ ಸರ್ರ್ ಅನ್ನುತ್ತದೆ, ಚಳಿಯಲ್ಲಿ ಇನ್ನೂ ಜಾಸ್ತಿ. ಅದಕ್ಕೇ ಎಷ್ಟೋ ಬೇಟೆ ಬ್ಯಾಗ್‌ಗಳ ಹೊರಮೈ ಕಂಬಳಿಯ ಹಾಗೆ ಮೆತ್ತಗೆ, ಸಣ್ಣ ರೋಮದ ಬಟ್ಟೆ. ಮೊಂಟಾನಾದ ಒಣಚಳಿಗೆ ಸರಿ. ನಮ್ಮ ಮಳೆಗೆ ಅದು ನೀರು ಕುಡಿದು ಕೂರುತ್ತದೆ. ಇನ್ನು ರಾಮನಗರದ ಕಡೆ ಕುರುಚಲಿನಲ್ಲಿ ಒಂದು ಸುತ್ತು ಹಾಕಿ ಬಂದರೆ ಉತ್ತರಾಣಿ ಬೀಜ ಕೀಳುತ್ತಾ ಸೋಮವಾರ ಸಂಜೆ ಕಳೆಯಬೇಕು.

ಬಣ್ಣದ ವಿಷಯವೂ ಇದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ಅನ್ನುವುದು ಹವ್ಯಾಸವಾಗಿ ಉಳಿದಿಲ್ಲ, ಅಪರಾಧ. ಎಲೆಕೊಂಬೆ ಚಿತ್ತಾರದ, ಕೋವಿ ಸಿಗಿಸುವ ಪಟ್ಟಿ ಇರುವ ಬ್ಯಾಗ್ ಹೊತ್ತು ಅರಣ್ಯ ಇಲಾಖೆಯ ಗೇಟಿನಲ್ಲಿ ನಿಂತರೆ ಗಾರ್ಡ್ ಎರಡು ಪ್ರಶ್ನೆ ಜಾಸ್ತಿ ಕೇಳಿಯೇ ಕೇಳುತ್ತಾರೆ. ತಪ್ಪೇನಿಲ್ಲ ಬಿಡಿ. ನಮ್ಮ ಸೇನೆಯೂ 2022ರ ಜನವರಿ 15ರ ಸೇನಾ ದಿನದಂದು ತೋರಿಸಿದ ಹೊಸ ಸಮವಸ್ತ್ರದ, ಮರೆಮಾಚುವ ಚಿತ್ತಾರದ ವಿನ್ಯಾಸವನ್ನು ತನ್ನ ಹೆಸರಿಗೆ ನೋಂದಾಯಿಸಿಕೊಂಡಿದೆ. ಭಾವನ ಬ್ಯಾಗಿನ ಚಿತ್ತಾರ ಅದಲ್ಲ, ನಿಜ. ಆದರೆ ಬೆಳಗಿನ ಜಾವ ಟಾರ್ಚ್ ಬೆಳಕಿನಲ್ಲಿ ಅದನ್ನು ವಿವರಿಸುವ ಗೋಜು ಯಾರಿಗೆ ಬೇಕು?

ಇಷ್ಟು ಹೇಳಿದ ಮೇಲೂ ಆ ಬ್ಯಾಗನ್ನು ತಂದೇ ತರುತ್ತೀರಿ ಅಂದರೆ, ಇದೊಂದನ್ನು ತಪ್ಪದೆ ಮಾಡಿ. ಹೊರಡುವ ಹಿಂದಿನ ದಿನ ಬ್ಯಾಗನ್ನು ತಲೆಕೆಳಗು ಮಾಡಿ ಒದರಿ. ಪ್ರತಿ ಜೇಬಿನ ಮೂಲೆಗೂ ಬೆರಳು ಹಾಕಿ. ಬೇಟೆಗಾರರ ಬ್ಯಾಗಿನಲ್ಲಿ ಒಂದು ತೋಟಾ ಎಲ್ಲೋ ಹೊಲಿಗೆಯ ಸಂದಿನಲ್ಲಿ ಮರೆತು ಉಳಿಯುವುದು ಮಾಮೂಲು. ಅಲ್ಲಿ ಅದು ಮರೆವು. ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೆ ಪೊಲೀಸ್ ಕೇಸು, ನಮ್ಮಲ್ಲಿ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ. ಹಾಗೆಯೇ ಅಲ್ಲಿನವರು ಕಾಡಿಗೆ ಒಯ್ಯುವ ಗಾರ್ಮಿನ್ ಇನ್‌ರೀಚ್ ತರದ ಸ್ಯಾಟಲೈಟ್ ಸಾಧನ. ಅದನ್ನು ಅನುಮತಿ ಇಲ್ಲದೆ ಭಾರತಕ್ಕೆ ತರುವ ಹಾಗಿಲ್ಲ. ಇದರಿಂದ ಸಿಕ್ಕಿಬಿದ್ದ ಪ್ರವಾಸಿಗಳಿದ್ದಾರೆ. ಚಾಕು ಇದ್ದರೆ ಅಲ್ಲೇ ಬಿಟ್ಟು ಬನ್ನಿ.

ಸರಿ, ಇಲ್ಲಿಗೆ ಯಾವುದು?

25 ಲೀಟರ್. ಒಂದೆರಡು ಲೀಟರ್ ಆಚೀಚೆ ಇದ್ದರೂ ನಡೆಯುತ್ತದೆ. ಕ್ಯಾಮೆರಾ ಒಯ್ಯುವವರಾದರೆ, ಅಥವಾ ಮಳೆಗಾಲದಲ್ಲಿ ಮಲೆನಾಡಿನ ಕಡೆ ಹೋಗುವವರಾದರೆ 30. ನಲವತ್ತು ಬೇಡ. ಜಾಗ ಇದ್ದರೆ ತುಂಬುತ್ತೇವೆ, ಅದು ನಮ್ಮ ಗುಣ. ಅತ್ತಿಗೆ ಕೊಟ್ಟ ಕೋಡುಬಳೆ ಡಬ್ಬಿಯೂ ಒಳಗೆ ಹೋಗುತ್ತದೆ, ಗೆಳೆಯರು ತಮ್ಮ ಬಾಟಲಿಯನ್ನೂ ನಿಮ್ಮ ಬ್ಯಾಗಿಗೇ ತುರುಕುತ್ತಾರೆ. ಇನ್ನೊಂದು ಮಾತು. ಬೆಂಗಳೂರಿನವರು ಬೆಟ್ಟಕ್ಕೆ ಹೋಗುವುದು ಬೆಳಗಿನ ಜಾವ ನಾಲ್ಕಕ್ಕೆ, ಬೈಕ್ ಮೇಲೆ. ಎತ್ತರದ ಬ್ಯಾಗ್ ಹಾಕಿಕೊಂಡರೆ ಹೆಲ್ಮೆಟ್‌ನ ಹಿಂಭಾಗ ಅದಕ್ಕೆ ತಾಗಿ ಕತ್ತು ತಿರುಗಿಸಲು ಆಗುವುದಿಲ್ಲ. ಹಿಂದೆ ಕೂತವರ ಮೂಗಿಗೂ ಕಷ್ಟ. ಅಂಗಡಿಗೆ ಹೆಲ್ಮೆಟ್ ಹಾಕಿಕೊಂಡೇ ಹೋಗಿ ನೋಡಿದರೂ ತಪ್ಪಿಲ್ಲ, ನಾನು ಹಾಗೇ ಮಾಡಿದೆ.

ಲೀಟರ್‌ಗಿಂತ ಮುಖ್ಯ ಬೆನ್ನಿನ ಅಳತೆ. ನೀವು ಆರಡಿ ಇದ್ದೀರೋ ಐದಡಿಯೋ ಅನ್ನುವುದು ಬ್ಯಾಗಿಗೆ ಬೇಕಿಲ್ಲ. ತಲೆ ಬಗ್ಗಿಸಿ, ಕತ್ತಿನ ಬುಡದಲ್ಲಿ ಒಂದು ಎಲುಬು ಗುಬುಟಾಗಿ ಎದ್ದು ಸಿಗುತ್ತದೆ. ಆಮೇಲೆ ಸೊಂಟದ ಮೇಲೆ ಕೈ ಇಟ್ಟುಕೊಳ್ಳಿ, ಹೆಬ್ಬೆರಳು ಬೆನ್ನಿನ ಕಡೆ. ಎರಡು ಹೆಬ್ಬೆರಳು ಕೂಡುವ ಗೆರೆಯಿಂದ ಆ ಎಲುಬಿನವರೆಗೆ ದರ್ಜಿಯ ಟೇಪಿನಲ್ಲಿ ಯಾರಾದರೂ ಅಳೆಯಲಿ. ನನ್ನದು 46 ಸೆಂಟಿಮೀಟರ್. ನನಗಿಂತ ನಾಲ್ಕು ಇಂಚು ಉದ್ದ ಇರುವ ತಮ್ಮನದು 44. ಆ ಅಳತೆಗೆ ಬ್ಯಾಗ್ ಹೊಂದದಿದ್ದರೆ ಸೊಂಟದ ಪಟ್ಟಿ ಹೊಟ್ಟೆಯ ಮೇಲೆ ಕೂರುತ್ತದೆ, ಆಗ ಅದು ಇದ್ದೂ ಇಲ್ಲದ ಹಾಗೆ.

ಈಗ ನನ್ನ ದಡ್ಡತನದ ಕಥೆ. ಮೊದಲ ಬ್ಯಾಗನ್ನು ಆನ್‌ಲೈನ್‌ನಲ್ಲಿ, ಒಂಬೈನೂರು ರೂಪಾಯಿ ಕೊಟ್ಟು, ಬರೀ ಫೋಟೋ ನೋಡಿ ತಗೊಂಡೆ. ನೋಡಲು ಎವರೆಸ್ಟ್‌ಗೆ ಹೋಗುವ ಹಾಗಿತ್ತು. ಮೂರನೇ ಸಲ ಸಾವನದುರ್ಗ ಇಳಿಯುವಾಗ, ಬೋಳು ಬಂಡೆಯ ಮೇಲೆ, ಬಲಗಡೆಯ ಹೆಗಲಪಟ್ಟಿ ಬುಡದಿಂದಲೇ ಕಿತ್ತು ಬಂತು. ಬ್ಯಾಗ್ ಒಂದು ಕಡೆ ಜೋತು ನಾನು ಒಂದು ಕಡೆ ವಾಲಿ, ಕೂತೇ ಬಿಟ್ಟೆ. ಮಿಕ್ಕ ಬಂಡೆಯನ್ನು ಕೂತುಕೊಂಡೇ ಇಳಿದೆ. ಮರುದಿನ ಮಲ್ಲೇಶ್ವರದಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಕೊಟ್ಟೆ. ಅವರು ಬ್ಯಾಗನ್ನು ಒಳಮಗ್ಗುಲು ಮಾಡಿ, ಪಟ್ಟಿ ಸೇರುವ ಜಾಗವನ್ನು ಉಗುರಿನಿಂದ ಎತ್ತಿ ತೋರಿಸಿದರು. ಪಟ್ಟಿಯ ತುದಿ ಅರ್ಧ ಇಂಚೂ ಒಳಗೆ ಹೋಗಿರಲಿಲ್ಲ, ಒಂದೇ ಸಾಲು ಹೊಲಿಗೆ. "ಬಟ್ಟೆ ಹರಿದಿಲ್ಲ ಸಾರ್, ಹಿಡ್ಕೊಳ್ಳೋಕೆ ಏನೂ ಇರ್ಲಿಲ್ಲ ಅಷ್ಟೇ" ಅಂದರು. ಹಿಂದೆ ಒಂದು ತುಂಡು ಚರ್ಮ ಇಟ್ಟು, ಚೌಕ ಹೊಲಿದು, ಚೌಕದೊಳಗೆ ಕತ್ತರಿ ಗುರುತು ಹಾಕಿ ಎಂಬತ್ತು ರೂಪಾಯಿ ತಗೊಂಡರು. ಆ ಪಟ್ಟಿ ಇವತ್ತಿಗೂ ಗಟ್ಟಿ ಇದೆ, ಬ್ಯಾಗಿನ ಮಿಕ್ಕಿದ್ದೆಲ್ಲ ಹೋಯಿತು.

ಅವತ್ತಿನಿಂದ ಅಂಗಡಿಯಲ್ಲಿ ನಾನು ಮೊದಲು ನೋಡುವುದು ಒಳಗಿನ ಹೊಲಿಗೆ. ಪಟ್ಟಿ ಸೇರುವ ಕಡೆ ಚೌಕದೊಳಗೆ ಆ ಕತ್ತರಿ ಗುರುತು, ಇಲ್ಲವೇ ಒತ್ತೊತ್ತಾಗಿ ಹೋಗಿ ಬಂದ ಹೊಲಿಗೆ ಇರಬೇಕು. ಆಮೇಲೆ ತಳ. ನಮ್ಮ ಬೆಟ್ಟಗಳು ಕಗ್ಗಲ್ಲು, ಇಳಿಯುವಾಗ ಬ್ಯಾಗಿನ ತಳ ಉಜ್ಜಿಯೇ ಉಜ್ಜುತ್ತದೆ. ಚೀಟಿಯಲ್ಲಿ 210ಡಿ, 420ಡಿ ಅಂತ ಬರೆದಿರುತ್ತಾರಲ್ಲ, ಅದು ಡೆನಿಯರ್. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು. ಮೈಗೆ 210 ಸಾಕು, ತಳಕ್ಕೆ 400ರ ಮೇಲಿರಲಿ. ಬ್ಯಾಗನ್ನು ಉಬ್ಬುವಷ್ಟು ತುಂಬಿಸಿ, ಜಿಪ್ಪನ್ನು ಮೂಲೆಯಲ್ಲಿ ಎಳೆದು ನೋಡಿ. ಜಿಪ್ಪಿನ ಮೇಲೆ ವೈಕೆಕೆ ಅಂತ, ಅಂದರೆ ಜಪಾನಿನ ಜಿಪ್ ಕಂಪನಿಯ ಹೆಸರು, ಬರೆದಿದ್ದರೆ ಸಂತೋಷ.

ಪಕ್ಕದ ಜಾಲರಿ ಜೇಬಿನ ಬಗ್ಗೆ ಎಲ್ಲೂ ಬರೆದಿರುವುದಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಶಿವಗಂಗೆ, ನಂದಿಬೆಟ್ಟ, ದೇವರಾಯನದುರ್ಗ ಎಲ್ಲ ಕಡೆಯೂ ಕೋತಿಗಳಿವೆ. ಜಾಲರಿಯಲ್ಲಿ ಕಾಣುವ ಕಡ್ಲೆಮಿಠಾಯಿ ನಿಮ್ಮದಲ್ಲ ಅಂದುಕೊಳ್ಳಿ. ನನ್ನ ಕಣ್ಣೆದುರೇ ಒಂದು ಕೋತಿ ಒಬ್ಬರ ಬ್ಯಾಗಿನ ಮುಂದಿನ ಜಿಪ್ ಎಳೆದು ಬಾಳೆಹಣ್ಣು ತೆಗೆದು, ಅವರು ತಿರುಗುವಷ್ಟರಲ್ಲಿ ಮಂಟಪದ ಮೇಲಿತ್ತು. ಜಾಲರಿಯಲ್ಲಿ ನೀರು ಮಾತ್ರ ಇರಲಿ, ತಿಂಡಿ ಒಳಗೆ, ಮಧ್ಯದಲ್ಲಿ. ಒಳಗೆ ಪೈಪ್ ಇರುವ ನೀರಿನ ಚೀಲ ನನಗೆ ಇಷ್ಟವಿಲ್ಲ. ತೊಳೆಯದೆ ಒಂದು ವಾರ ಮರೆತರೆ ಅದರ ವಾಸನೆ ಬೇಡ. ಎರಡು ಸ್ಟೀಲ್ ಬಾಟಲಿ ಸಾಕು, ಪ್ಲಾಸ್ಟಿಕ್ ತಪಾಸಣೆ ಮಾಡುವ ಗೇಟುಗಳಲ್ಲೂ ತಲೆನೋವಿಲ್ಲ.

ಮಳೆಗೆ ಬ್ಯಾಗಿನ ಜೊತೆ ಬರುವ ಕವರ್ ಅರ್ಧ ಕೆಲಸ ಮಾಡುತ್ತದೆ. ಕತ್ತಿನಿಂದ ಇಳಿದ ನೀರು ಬೆನ್ನಿನ ಕಡೆಯಿಂದ ಒಳಗೆ ಹೋಗುತ್ತದೆ, ಅಲ್ಲಿಗೆ ಕವರ್ ಬರುವುದೇ ಇಲ್ಲ. ನಮ್ಮಜ್ಜಿ ಊರಲ್ಲಿ ಗೊರಬು ಹಾಕಿಕೊಂಡು ನಾಟಿ ಮಾಡುತ್ತಿದ್ದರು, ಅದು ಬೆನ್ನನ್ನೂ ಸೇರಿಸಿ ಮುಚ್ಚುತ್ತಿತ್ತು. ನೀವು ಬ್ಯಾಗಿನ ಒಳಗೇ ಒಂದು ಡ್ರೈ ಬ್ಯಾಗ್, ಅಂದರೆ ನೀರು ನುಗ್ಗದ ಚೀಲ, ಇಟ್ಟು, ಬಟ್ಟೆ ಫೋನು ಅದರೊಳಗೆ ಹಾಕಿ ಬಾಯಿ ಮಡಚಿ.

ಬ್ರ್ಯಾಂಡ್ ಕೇಳಿದ್ದೀರಿ. ವೈಲ್ಡ್‌ಕ್ರಾಫ್ಟ್ ನಮ್ಮ ಬೆಂಗಳೂರಿನದೇ. ಡೆಕಾಥ್ಲಾನ್‌ನಲ್ಲಿ ಬೆಟ್ಟ ಹತ್ತುವವರಿಗೆ ಕೆಚುವಾ ಇದೆ. ಅದೇ ಕಂಪನಿಯ ಬೇಟೆ ಬ್ರ್ಯಾಂಡ್ ಸೊಲೊಗ್ನಾಕ್, ಹೆಸರು ಕಂಡರೆ ಗೊಂದಲ ಬೇಡ. ಯಾವುದೇ ಆಗಲಿ, ಎರಡರಿಂದ ನಾಲ್ಕು ಸಾವಿರದೊಳಗೆ ಒಳ್ಳೆಯದು ಸಿಗುತ್ತದೆ. ಮನೆಯಿಂದ ಐದು ಕೆಜಿ ಅಕ್ಕಿ ಚೀಲ ಒಯ್ಯಿರಿ. ಬ್ಯಾಗಿಗೆ ಹಾಕಿ, ಪಟ್ಟಿ ಬಿಗಿದು, ಅಂಗಡಿಯಲ್ಲೇ ಇಪ್ಪತ್ತು ನಿಮಿಷ ಓಡಾಡಿ, ಮೆಟ್ಟಿಲಿದ್ದರೆ ಹತ್ತಿ ಇಳಿಯಿರಿ. ಸೆಕ್ಯೂರಿಟಿಯವರಿಗೆ ಒಳಗೆ ಹೋಗುವಾಗಲೇ ಅಕ್ಕಿ ತೋರಿಸಿಬಿಡಿ. ನಾನು ತೋರಿಸದೆ ಬಿಲ್ ಕೇಳಿಸಿಕೊಂಡವನು.

ನವೆಂಬರ್‌ನ ಬೇಟೆಗೆ ಒಂದು ಮಾತು. ಮೊಂಟಾನಾದಲ್ಲಿ ಕೋವಿ ಬೇಟೆಯ ಕಾಲದಲ್ಲಿ ಬೇಟೆಗಾರರು ಸೊಂಟಕ್ಕಿಂತ ಮೇಲಿನ ಭಾಗದಲ್ಲಿ ಕನಿಷ್ಠ 400 ಚದರ ಇಂಚು ಹೊಳೆಯುವ ಕಿತ್ತಳೆ ಬಣ್ಣ ತೊಡಲೇಬೇಕು ಅನ್ನುವ ಕಾನೂನಿದೆ. ನೀವು ಬರೀ ಜೊತೆಗೆ ಹೋದರೂ ತೊಟ್ಟುಕೊಳ್ಳಿ. ಬೆನ್ನಿಗೆ ಬ್ಯಾಗ್ ಏರಿದ ತಕ್ಷಣ ಆ ಕಿತ್ತಳೆಯ ಅರ್ಧ ಮುಚ್ಚಿಹೋಗುತ್ತದೆ. ಅದಕ್ಕೆ ಬ್ಯಾಗಿಗೂ ಒಂದು ಕಿತ್ತಳೆ ಕವರ್ ಹಾಕುತ್ತಾರೆ. ಕರಡಿ ಸ್ಪ್ರೇ, ಅಂದರೆ ಕರಡಿ ಮೇಲೆ ಬಂದರೆ ಎರಚುವ ಖಾರದ ಡಬ್ಬಿ, ಸೊಂಟದ ಪಟ್ಟಿಯಲ್ಲಿರಲಿ, ಬ್ಯಾಗಿನ ಒಳಗಲ್ಲ. ಅದನ್ನೂ ವಿಮಾನಕ್ಕೆ ತರುವ ಹಾಗಿಲ್ಲ.

ಭಾವ ಏನಾದರೂ ಕೊಡಲೇಬೇಕು ಅಂತ ಹಟ ಹಿಡಿದರೆ ಆ ಕಿತ್ತಳೆ ಕವರನ್ನು, ನಿಮ್ಮ 25 ಲೀಟರಿಗೆ ಹೊಂದುವ ಅಳತೆಯದ್ದು, ತರಿಸಿಕೊಳ್ಳಿ. ಆರು ಗಂಟೆಯ ಮಂಜಿನಲ್ಲಿ ಮಾಗಡಿ ರಸ್ತೆಯ ಲಾರಿಯವರಿಗೆ ನೀವು ಕಾಣುತ್ತೀರಿ. ಕತ್ತಲಿಗೆ ಮಾತ್ರ ಆ ಬಣ್ಣ ಸಾಲದು. ಹೆಡ್‌ಲೈಟಿಗೆ ಹೊಳೆಯುವ ಪಟ್ಟಿ ಒಂದು ಮೊಳ ತಂದು ಅದೇ ಚಪ್ಪಲಿ ಹೊಲಿಯುವವರ ಹತ್ತಿರ ಹಾಕಿಸಿ.