ವರದಿ ಮುಚ್ಚಿಟ್ಟವರಿಗೆ ಗಡುವಿನ ಆಸರೆ ಏಕೆ?

ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಕೇರಿ ಪಟ್ಟಣದಿಂದ ಓದುಗರೊಬ್ಬರು ಬರೆದಿದ್ದಾರೆ: ‘ಇಲ್ಲಿ ಟಿವಿ ಹಾಕಿದರೆ ಕ್ಯಾಂಪ್ ಲೆಜೂನ್ ಎಂಬ ಮರೀನ್ ಸೇನಾನೆಲೆಯ ಕೆಟ್ಟ ನೀರಿನ ಬಗ್ಗೆ ವಕೀಲರ ಜಾಹೀರಾತು. ನಲವತ್ತು ವರ್ಷದ ಹಿಂದಿನ ನೀರಿಗೆ ಈಗ ಪರಿಹಾರ ಕೇಳುವುದು ಸರಿಯೇ? ಸೈನ್ಯಕ್ಕೆ ಸೇರುವವರಿಗೆ ಅಪಾಯ ಗೊತ್ತಿರುತ್ತದಲ್ಲವೇ? ನಮ್ಮ ಪಕ್ಕದ ಮನೆಯ ಹಿರಿಯರು ಎಪ್ಪತ್ತರ ದಶಕದಲ್ಲಿ ಮರೀನ್ ಯೋಧರಾಗಿ ಹೆಂಡತಿಯೊಂದಿಗೆ ಅಲ್ಲೇ ಇದ್ದರು. ಈಗ ಪಾರ್ಕಿನ್ಸನ್ ಕಾಯಿಲೆ. ಆದರೂ ದೇಶದ ಮೇಲೆ ದಾವೆ ಹೂಡಲಾರೆ ಎನ್ನುತ್ತಾರೆ. ಅಂಥವರ ಮೇಲೆ ನನಗೆ ಗೌರವ.’

ಸಂಪಾದಕರ ಉತ್ತರ:

ಆ ಹಿರಿಯರ ಮೇಲೆ ನಮಗೂ ಗೌರವವಿದೆ. ಜಾಹೀರಾತುಗಳ ವಿಷಯದಲ್ಲೂ ನಿಮ್ಮ ಮಾತು ನಿಜ. ವಕೀಲರ ಶುಲ್ಕವನ್ನು ಸರ್ಕಾರದ ಹಂತದಲ್ಲೇ ಇತ್ಯರ್ಥವಾದರೆ ಶೇ 20, ಕೋರ್ಟಿಗೆ ಹೋದರೆ ಶೇ 25 ಎಂದು ಕಟ್ಟಿಹಾಕಬೇಕಾಯಿತು. ಅಷ್ಟು ಒಪ್ಪಿದೆವು. ಆದರೆ ‘ಅಪಾಯ ಗೊತ್ತಿತ್ತು’ ಎಂಬ ಮಾತನ್ನು ಒಪ್ಪುವುದು ಕಷ್ಟ. ಗುಂಡಿನ ಅಪಾಯ ಗೊತ್ತಿತ್ತು, ಸರಿ. ಅಡುಗೆಮನೆಯ ನಲ್ಲಿಯದು ಯಾರಿಗೆ ಗೊತ್ತಿತ್ತು? ಹೊಟ್ಟೆಯಲ್ಲಿದ್ದ ಕೂಸು ಯಾವ ಸೈನ್ಯಕ್ಕೆ ಸೇರಿತ್ತು?

ಲೆಜೂನ್ ನೆಲೆಗೆ ನೀರು ಬರುತ್ತಿದ್ದುದು ಕೊಳವೆಬಾವಿಗಳಿಂದ. ಟರಾವಾ ಟೆರೇಸ್ ಎಂಬ ಸಂಸಾರಸ್ಥರ ಬಡಾವಣೆಯ ಬಾವಿಗಳಿಗೆ ಬೇಲಿಯಾಚೆಯ ಡ್ರೈಕ್ಲೀನಿಂಗ್ ಅಂಗಡಿಯೊಂದರ ಪಿಸಿಇ ದ್ರಾವಕ ಇಳಿಯಿತು. ಹ್ಯಾಡ್‌ನಾಟ್ ಪಾಯಿಂಟ್ ಬಾವಿಗಳಿಗೆ ನೆಲೆಯ ವರ್ಕ್‌ಶಾಪುಗಳಿಂದ ಯಂತ್ರದ ಜಿಡ್ಡು ತೆಗೆಯುವ ಟಿಸಿಇ, ನೆಲದಡಿಯ ಇಂಧನ ಟ್ಯಾಂಕುಗಳಿಂದ ಬೆಂಜೀನ್ ಸೇರಿದವು. ಟಿಸಿಇ, ಪಿಸಿಇ ಎರಡೂ ನೀರಿಗಿಂತ ಭಾರ. ಚೆಲ್ಲಿದರೆ ಅಂತರ್ಜಲದ ಆಳಕ್ಕಿಳಿದು ದಶಕಗಟ್ಟಲೆ ಕರಗುತ್ತಾ ಕೂರುತ್ತವೆ. ಸುಣ್ಣ ಹಾಕಿ ಗಡಸುತನ ಇಳಿಸಿ ಕ್ಲೋರಿನ್ ಬೆರೆಸುವ ಘಟಕಕ್ಕೆ ಇವು ಜಗ್ಗುವುದಿಲ್ಲ. ಕುಡಿಯದೆ ಬಿಟ್ಟರೂ ಪಾರಾಗುವಂತಿಲ್ಲ. ಬಿಸಿನೀರ ಸ್ನಾನದಲ್ಲಿ ಆವಿಯಾಗಿ ಉಸಿರಿಗೆ ಸೇರುತ್ತವೆ, ಚರ್ಮದಿಂದಲೂ ಒಳಹೋಗುತ್ತವೆ.

ಈಗ ಕಡತದ ಕಡೆ ಬನ್ನಿ. 1980ರಲ್ಲಿ ಕ್ಲೋರಿನ್‌ನ ಉಪಉತ್ಪನ್ನಗಳನ್ನು ಅಳೆಯಲು ಹೋದ ಸೇನಾ ಪ್ರಯೋಗಾಲಯದ ಅಳತೆಗೆ ಬೇರೆ ಯಾವುದೋ ರಾಸಾಯನಿಕ ಅಡ್ಡ ಬಂತು. 1981ರಲ್ಲಿ ಅದೇ ಪ್ರಯೋಗಾಲಯದ ಮುಖ್ಯಸ್ಥರು ವರದಿಯ ನಮೂನೆಯ ಮೇಲೆ ಕೈಬರಹದಲ್ಲೇ, ನೀರು ದ್ರಾವಕಗಳಿಂದ ತೀರಾ ಕೆಟ್ಟಿದೆ ಎಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಬರೆದರು. 1982ರಲ್ಲಿ ನಿಮ್ಮ ಪಕ್ಕದ ರಾಲಿಯ ಖಾಸಗಿ ಪ್ರಯೋಗಾಲಯವೂ ಅದನ್ನೇ ಹೇಳಿತು. ಆ ಮೇ ತಿಂಗಳಲ್ಲಿ ನೆಲೆಯ ಆಸ್ಪತ್ರೆಯ ನಲ್ಲಿಯಲ್ಲಿ ಸಿಕ್ಕಿದ್ದು ಲೀಟರಿಗೆ 1,400 ಮೈಕ್ರೋಗ್ರಾಂ ಟಿಸಿಇ. ಕಾನೂನಿನ ಮಿತಿ 5. ಆ ಮಿತಿ ಜಾರಿಗೆ ಬಂದದ್ದು 1989ರಲ್ಲಿ ಎಂಬುದು ಸರ್ಕಾರದ ವಾದ, ಇರಲಿ. ಆದರೆ ಕೆಟ್ಟ ಬಾವಿಗಳನ್ನು ನಿಲ್ಲಿಸತೊಡಗಿದ್ದೇ 1984ರ ಕೊನೆಗೆ.

ನಡುವೆ ಕೆಲವು ವರದಿಗಳು ಚೊಕ್ಕವಾಗಿ ಬಂದದ್ದೂ ಉಂಟು, ಕಾರಣ ಸರಳ. ಬಾವಿಗಳನ್ನು ಸರದಿಯಲ್ಲಿ ಓಡಿಸುತ್ತಿದ್ದರು. ಕೆಟ್ಟ ಬಾವಿಯ ಪಂಪು ನಿಂತ ದಿನ ಮಾದರಿ ತೆಗೆದರೆ ನೀರು ಒಳ್ಳೆಯದು, ಓಡುವ ದಿನ ತೆಗೆದರೆ ವಿಷ. 1985ರಲ್ಲಿ ಒಂದೇ ಬಾವಿಯಲ್ಲಿ ಲೀಟರಿಗೆ 18,900 ಮೈಕ್ರೋಗ್ರಾಂ ಟಿಸಿಇ ಕಂಡಿತು. ಯಾವ ದಿನ ಯಾವ ಪಂಪು ಓಡಿತು ಎಂಬ ದಾಖಲೆ ಇಲ್ಲದ ಒಂದು ಒಳ್ಳೆಯ ವರದಿಗೆ ಕಾಸಿನ ಬೆಲೆ ಇಲ್ಲ. ಇಷ್ಟೆಲ್ಲ ಆದಮೇಲೂ 1985ರ ಏಪ್ರಿಲಿನಲ್ಲಿ ಟರಾವಾ ಟೆರೇಸ್ ನಿವಾಸಿಗಳಿಗೆ ಹೋದ ಪತ್ರದಲ್ಲಿದ್ದುದು ‘ಅತ್ಯಲ್ಪ ಪ್ರಮಾಣ’ದ ರಾಸಾಯನಿಕ ಎಂಬ ಮಾತು. ಎರಡು ತಿಂಗಳ ಹಿಂದಷ್ಟೇ ಅಲ್ಲಿನ ನಲ್ಲಿಯಲ್ಲಿ ಪಿಸಿಇ 215 ಮೈಕ್ರೋಗ್ರಾಂ ಇತ್ತು.

ಆ ವರ್ಷವೇ ಮಾಸ್ಟರ್ ಸಾರ್ಜೆಂಟ್ ಜೆರ್ರಿ ಎನ್ಸ್‌ಮಿಂಗರ್ ಅವರ ಮಗಳು ಜೇನಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು, ವಯಸ್ಸು ಒಂಬತ್ತು. ತಂದೆಗೆ ನೀರಿನ ಸುದ್ದಿ ತಿಳಿದದ್ದು 1997ರಲ್ಲಿ, ಅದೂ ಟಿವಿ ವಾರ್ತೆಯಿಂದ. ಅದೇ ವರ್ಷ ಕೇಂದ್ರದ ಆರೋಗ್ಯ ಸಂಸ್ಥೆ ಎಟಿಎಸ್‌ಡಿಆರ್ ಕೊಟ್ಟ ವರದಿಯಲ್ಲಿ ಬೆಂಜೀನ್ ಬಿಟ್ಟುಹೋಗಿತ್ತು. ಹನ್ನೆರಡು ವರ್ಷ ಬಿಟ್ಟು, 2009ರಲ್ಲಿ, ಆ ವರದಿಯನ್ನು ಹಿಂತೆಗೆದುಕೊಂಡರು. ‘ನಲವತ್ತು ವರ್ಷ ಏನು ಮಾಡುತ್ತಿದ್ದರು’ ಎಂದು ಸಂತ್ರಸ್ತರನ್ನು ಕೇಳುವ ಮೊದಲು ಇದನ್ನು ಲೆಕ್ಕಕ್ಕೆ ಹಿಡಿಯಬೇಕಿತ್ತು.

ಕೋರ್ಟಿಗೆ ಹೋದವರಿಗೆ ಏನಾಯಿತು? ಸೇವೆಯಲ್ಲಿದ್ದವರಿಗೆ 1950ರ ಫೆರೆಸ್ ತೀರ್ಪು ಅಡ್ಡ: ಸೇವೆಗೆ ಸಂಬಂಧಿಸಿದ ಹಾನಿಗೆ ಸೈನಿಕ ಸರ್ಕಾರದ ಮೇಲೆ ದಾವೆ ಹೂಡುವಂತಿಲ್ಲ. ಕುಟುಂಬದವರಿಗೆ ನಿಮ್ಮ ರಾಜ್ಯದ್ದೇ ಹತ್ತು ವರ್ಷದ ಗಡುವು. ಅದು ಕಾಯಿಲೆ ಪತ್ತೆಯಾದ ದಿನದಿಂದಲ್ಲ, ಮಾಲಿನ್ಯ ಮಾಡಿದವರ ಕೊನೆಯ ಕೃತ್ಯದಿಂದ ಓಡುತ್ತದೆ. ಹತ್ತಿಪ್ಪತ್ತು ವರ್ಷ ಬಿಟ್ಟು ತಲೆಯೆತ್ತುವ ಕ್ಯಾನ್ಸರಿಗೆ ಇದರಲ್ಲಿ ಜಾಗವೇ ಇಲ್ಲ. 2016ರಲ್ಲಿ ಮೊಕದ್ದಮೆಗಳೆಲ್ಲ ವಜಾ ಆದವು. ನಮ್ಮ ತಕರಾರು ಇಲ್ಲೇ. ಸುದ್ದಿ ಮುಚ್ಚಿಟ್ಟವರೇ ‘ತಡವಾಗಿ ಬಂದಿರಿ’ ಎಂದು ಹೇಳುವಂತಾಗಬಾರದು. ತಿಳಿಸಿದ ದಿನದಿಂದ ದಿನ ಎಣಿಸಲಿ.

2022ರ ಆಗಸ್ಟ್ 10ರಂದು ಬಂದ, ಮಾಜಿ ಯೋಧರ ನೆರವಿನ ಪ್ಯಾಕ್ಟ್ ಕಾಯ್ದೆಯೊಳಗಿನ ಲೆಜೂನ್ ನ್ಯಾಯ ಕಾಯ್ದೆ ಈ ಎರಡೂ ಅಡ್ಡಿಗಳನ್ನು ಸರಿಸಿತು. 1953ರ ಆಗಸ್ಟಿನಿಂದ 1987ರ ಡಿಸೆಂಬರ್ ಒಳಗೆ ಅಲ್ಲಿ 30 ದಿನ ಇದ್ದವರು, ಗರ್ಭದಲ್ಲಿದ್ದವರೂ ಸೇರಿ, ಮೊದಲು ನೌಕಾಪಡೆಗೆ ಕ್ಲೇಮ್ ಹಾಕಬೇಕು; ಆರು ತಿಂಗಳಲ್ಲಿ ಇತ್ಯರ್ಥವಾಗದಿದ್ದರೆ ಕೋರ್ಟು. ಆದರೆ ಅದಕ್ಕೆ ಕೊಟ್ಟ ಕಾಲ ಎರಡೇ ವರ್ಷ. 4 ಲಕ್ಷಕ್ಕೂ ಹೆಚ್ಚು ಕ್ಲೇಮುಗಳು ಬಂದವು.

ಇದು ಹಳೆಯ ಕಾಲದ ಕಥೆ ಎನ್ನಬೇಡಿ. 2021ರ ನವೆಂಬರಿನಲ್ಲಿ ಹವಾಯಿಯಲ್ಲಿ ನೌಕಾಪಡೆಯ ರೆಡ್ ಹಿಲ್ ಇಂಧನ ಸಂಗ್ರಹಾಗಾರದಿಂದ ಜೆಪಿ-5 ವಿಮಾನ ಇಂಧನ ಕುಡಿಯುವ ನೀರಿನ ಬಾವಿಗೆ ಸೇರಿತು. ಮೇ ತಿಂಗಳಲ್ಲೇ ಪೈಪು ಒಡೆದು ಹರಿದಿದ್ದ ಸುಮಾರು 75,000 ಲೀಟರ್ ಇಂಧನ ಅಗ್ನಿಶಾಮಕ ವ್ಯವಸ್ಥೆಯ ಪೈಪಿನಲ್ಲಿ ಯಾರ ಗಮನಕ್ಕೂ ಬಾರದೆ ನಿಂತಿತ್ತು. ಗಾಡಿಯೊಂದು ವಾಲ್ವಿಗೆ ಬಡಿದಾಗ ಹೊರಚೆಲ್ಲಿತು. ಆ ಜಾಲದ ನೀರು ಬಳಸುತ್ತಿದ್ದವರು ಸುಮಾರು 93,000 ಮಂದಿ. ಮನೆಮನೆಯಲ್ಲಿ ನಲ್ಲಿ ತಿರುಗಿಸಿದರೆ ಇಂಧನದ ನಾತ. ನೆಲೆಯ ಅಧಿಕಾರಿಗಳು ಮಾತ್ರ ನಾವೂ ಅದೇ ನೀರು ಕುಡಿಯುತ್ತಿದ್ದೇವೆ ಎಂದು ಸೂಚನೆ ಹೊರಡಿಸಿದರು. ಸರ್ಕಾರ ಹೊಣೆ ಒಪ್ಪಿಕೊಂಡ ಮೇಲೂ 2025ರಲ್ಲಿ ಮೊದಲ ಹದಿನೇಳು ಮಂದಿಗೆ ಒಟ್ಟು ಸಿಕ್ಕಿದ್ದು ಸುಮಾರು 6.8 ಲಕ್ಷ ಡಾಲರ್, ಕೆಲವರಿಗೆ ಬರೀ 5,000.

ನಮ್ಮೂರುಗಳಲ್ಲೂ ಕೊಳವೆಬಾವಿ ನೀರಿನ ಮಾಮೂಲಿ ವರದಿಯಲ್ಲಿ ಪಿಎಚ್, ಗಡಸುತನ, ಫ್ಲೋರೈಡ್, ನೈಟ್ರೇಟ್ ಇರುತ್ತವೆ. ದ್ರಾವಕಗಳನ್ನು ಹುಡುಕಲು, ಆವಿಯಾಗುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮೆಟೋಗ್ರಫಿ ಪರೀಕ್ಷೆ ಬೇಕು. 40 ಮಿಲಿಲೀಟರ್ ಗಾಜಿನ ಸೀಸೆಯಲ್ಲಿ ಒಂದು ಗುಳ್ಳೆ ಗಾಳಿಯೂ ಉಳಿಯದಂತೆ ತುಂಬಿ, ಮಂಜುಗಡ್ಡೆಯಲ್ಲಿಟ್ಟು ಕಳಿಸಬೇಕು. ಅರ್ಧ ತುಂಬಿದ ಪ್ಲಾಸ್ಟಿಕ್ ಬಾಟಲಿಯಲ್ಲಿ ಹೋದರೆ ಹುಡುಕುವ ವಸ್ತುವೇ ಆವಿಯಾಗಿ ಹೋಗಿರುತ್ತದೆ. ಕೈಗಾರಿಕಾ ಪ್ರದೇಶದ ಪಕ್ಕ ಇರುವವರು ‘ಕುಡಿಯಲು ಯೋಗ್ಯ’ ಎಂಬ ಮುದ್ರೆ ಕಂಡು ಸುಮ್ಮನಾಗದೆ, ಯಾವುದಕ್ಕೆ ಪರೀಕ್ಷೆ ಮಾಡಿದಿರಿ ಎಂದು ಕೇಳಬೇಕು.

ಇನ್ನು ನಿಮ್ಮ ನೆರೆಯವರು. ನೌಕಾಪಡೆಯ ಕ್ಲೇಮಿನ ಗಡುವು 2024ರ ಆಗಸ್ಟ್ 10ಕ್ಕೆ ಮುಗಿದಿದೆ. ಆದರೆ ಮಾಜಿ ಯೋಧರ ಇಲಾಖೆ, ಅಂದರೆ ವಿಎ, ಕೊಡುವ ಅಂಗವೈಕಲ್ಯ ಭತ್ಯೆಗೆ ಆ ಗಡುವಿಲ್ಲ. ಎರಡೂ ಬೇರೆ ಬೇರೆ. ಒಂದಕ್ಕೆ ಅರ್ಜಿ ಹಾಕಿ ಇನ್ನೊಂದೂ ಆಯಿತೆಂದುಕೊಂಡವರಿದ್ದಾರೆ. 2017ರಿಂದ ಎಂಟು ಕಾಯಿಲೆಗಳಿಗೆ ಕಾರಣ ಸಾಬೀತುಪಡಿಸಬೇಕಿಲ್ಲ, ಪಾರ್ಕಿನ್ಸನ್ ಅವುಗಳಲ್ಲೊಂದು. ಕ್ಯಾಲಿಫೋರ್ನಿಯಾದ ಕ್ಯಾಂಪ್ ಪೆಂಡಲ್‌ಟನ್ ಯೋಧರಿಗೆ ಹೋಲಿಸಿದರೆ ಲೆಜೂನ್‌ನವರಲ್ಲಿ ಅದರ ಅಪಾಯ ಶೇ 70ರಷ್ಟು ಹೆಚ್ಚು ಎಂದು 2023ರ ಅಧ್ಯಯನ ಹೇಳಿದೆ. ಮೊದಲು ‘ಇಂಟೆಂಟ್ ಟು ಫೈಲ್’, ಅಂದರೆ ಅರ್ಜಿ ಹಾಕಲಿದ್ದೇನೆ ಎಂಬ ಸೂಚನೆ, ಕೊಡಿಸಿ. ಒಂದು ವರ್ಷದೊಳಗೆ ಪೂರ್ತಿ ಅರ್ಜಿ ಹಾಕಿದರೆ ಭತ್ಯೆ ಆ ದಿನಾಂಕದಿಂದ ಲೆಕ್ಕಕ್ಕೆ ಬರುತ್ತದೆ. ಅರ್ಜಿಯ ನಮೂನೆ 21-526ಇಝಡ್. ಡಿಡಿ-214 ಬಿಡುಗಡೆ ಪತ್ರದಲ್ಲಿ ಲೆಜೂನ್ ಹೆಸರು ಇಲ್ಲದಿದ್ದರೆ ವರ್ಗಾವಣೆ ಆದೇಶ ಹುಡುಕಿ, ಇಲ್ಲವೇ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರದಿಂದ ಸೇವಾ ಕಡತ ತರಿಸಿ. ಅಲ್ಲಿ 30 ದಿನ ವಾಸವಿದ್ದ ಅವರ ಪತ್ನಿಗೆ ಹದಿನೈದು ಕಾಯಿಲೆಗಳ ಚಿಕಿತ್ಸಾ ವೆಚ್ಚದ ಯೋಜನೆಯೂ ಇದೆ. ವಿವಾಹ ಪ್ರಮಾಣಪತ್ರ, ನೆಲೆಯ ಮನೆಯ ವಿಳಾಸಕ್ಕೆ ಪುರಾವೆ ಬೇಕು. ಇದು ದಾವೆಯಲ್ಲ ಎಂದು ಅವರಿಗೆ ಬಿಡಿಸಿ ಹೇಳಿ. ಕೈ ನಡುಗುವವರಿಗೆ ಅರ್ಜಿ ತುಂಬುವುದು ಕಷ್ಟ, ಒಂದು ಸಂಜೆ ನೀವೇ ಜೊತೆಗೆ ಕೂತುಕೊಳ್ಳಿ.